ಗೇಮಿಂಗಾ, ಎಡಿಟಿಂಗಾ?

“ಗೇಮಿಂಗಾ ಸಾರ್, ಎಡಿಟಿಂಗಾ?”

ಎಸ್‌.ಪಿ. ರೋಡಿನ ಯಾವ ಕಂಪ್ಯೂಟರ್ ಅಂಗಡಿಯ ಮೆಟ್ಟಿಲು ಹತ್ತಿದರೂ ಮೊದಲು ಬೀಳುವ ಪ್ರಶ್ನೆ ಇದೇ. ಕಾಗದದಲ್ಲಿ ಅದು ಸಾದರ್ ಪತ್ರಪ್ಪ ರಸ್ತೆ. ಹಾಗೆಂದು ಹೇಳಿದರೆ ಬೆಂಗಳೂರಿನ ಆಟೊದವರೂ ಒಂದು ಗಳಿಗೆ ಯೋಚಿಸುತ್ತಾರೆ. ನನ್ನ ಜೊತೆಗಿದ್ದವನು ಚಿಕ್ಕಪ್ಪನ ಮಗ, ನನಗೆ ತಮ್ಮ. ತಿಪಟೂರಿನಲ್ಲಿ ಅವನದೊಂದು ಸ್ಟುಡಿಯೊ ಇದೆ. ಮದುವೆ, ನಾಮಕರಣ, ಗೃಹಪ್ರವೇಶ, ವರ್ಷಕ್ಕೊಮ್ಮೆ ಶಾಲೆಗಳ ಗ್ರೂಪ್ ಫೋಟೊ. “ಎಡಿಟಿಂಗ್ ಕಣಪ್ಪ, ಮದ್ವೆ ಆಲ್ಬಂ” ಎಂದ. ಅಂಗಡಿ ಹುಡುಗ ತಲೆಯಾಡಿಸಿ ಎರಡೇ ನಿಮಿಷದಲ್ಲಿ ಕೊಟೇಶನ್ ಬರೆದು ಮುಂದಿಟ್ಟ. ಮೂರು ಫ್ಯಾನಿನ ಗ್ರಾಫಿಕ್ಸ್ ಕಾರ್ಡು, ಗಾಜಿನ ಬಾಗಿಲಿನ ಕ್ಯಾಬಿನೆಟ್ಟು, ಅದರೊಳಗೆ ಕಾಮನಬಿಲ್ಲಿನಂತೆ ಮಿನುಗುವ ನಾಲ್ಕು ಫ್ಯಾನು, ನೀರಿನಿಂದ ತಣಿಸುವ ಕೂಲರು. ಕೊನೆಯ ಸಾಲಿನಲ್ಲಿ, ಬಾಳೆಲೆಯ ತುದಿಗೆ ಬಡಿಸಿದ ಉಪ್ಪಿನ ಹಾಗೆ, ‘ಮಾನಿಟರ್ 22 ಇಂಚ್’. ಯಾವ ಮಾನಿಟರ್ ಎಂದು ಕೇಳಿದೆ. “ಯಾವ್ದಾದ್ರೂ ಹಾಕ್ಕೊಡ್ತೀನಿ ಸಾರ್, ಎಲ್ಲಾ ಒಂದೇ.”

ಲೆಕ್ಕ ಹಾಕಿದರೆ ಅರ್ಧದಷ್ಟು ಹಣ ಗ್ರಾಫಿಕ್ಸ್ ಕಾರ್ಡಿಗೆ ಹೋಗಿತ್ತು. ಪರದೆಗೆ ಹತ್ತರಲ್ಲೊಂದು ಪಾಲೂ ಇರಲಿಲ್ಲ. ಆರ್‌ಜಿಬಿ ಎಂದರೆ ಕೆಂಪು, ಹಸಿರು, ನೀಲಿ. ಫೋಟೊದವರ ಅನ್ನ ಇರುವುದೇ ಆ ಮೂರು ಬಣ್ಣದಲ್ಲಿ. ಅಂಗಡಿ ಭಾಷೆಯಲ್ಲಿ ಆರ್‌ಜಿಬಿ ಎಂದರೆ ಕ್ಯಾಬಿನೆಟ್ಟಿನ ಒಳಗೆ ಉರಿಯುವ ದೀಪ. ಪರದೆಯಲ್ಲಿ ಇರಬೇಕಾದದ್ದು ಡಬ್ಬಿಯೊಳಗೆ ಸೇರಿಕೊಂಡಿತ್ತು.

ಅಷ್ಟರಲ್ಲಿ ಊರಿಂದ ತಮ್ಮನ ಹೆಂಡತಿಯ ಫೋನು. “ಭಾವ, ಆ ತಲೆನೋವೇ ಬ್ಯಾಡ. ಇಲ್ಲೇ ಶೋರೂಮಲ್ಲಿ ಕಂಪ್ನಿ ಪೀಸ್ ತಗಳಾಣ. ಇಎಂಐ ಸಿಗುತ್ತೆ, ಕೆಟ್ರೆ ಅವ್ರೇ ಬರ್ತಾರೆ.”

ಅಸೆಂಬಲ್ಡಾ, ಬ್ರಾಂಡೆಡ್ಡಾ? ಈ ವ್ಯಾಜ್ಯಕ್ಕೆ ನಾನು ಬಂಧುಗಳಲ್ಲಿ, ಸ್ನೇಹಿತರಲ್ಲಿ ಹಲವು ಸಲ ಪಂಚಾಯ್ತಿ ಮಾಡಿದ್ದೇನೆ. ಪ್ರತಿ ಸಲವೂ ಅನ್ನಿಸುವುದು ಒಂದೇ: ಆ ಪ್ರಶ್ನೆಯನ್ನು ನಾವು ತೀರಾ ಮೊದಲೇ ಕೇಳಿಬಿಡುತ್ತೇವೆ. ಕೆಲಸ ಎಲ್ಲಿ ನಿಲ್ಲುತ್ತಿದೆ, ಯಾರು ಕಾಯುತ್ತ ಕೂತಿದ್ದಾರೆ ಎನ್ನುವುದು ಗೊತ್ತಾಗದೆ ಡಬ್ಬಿಯ ಜಾತಿ ಕೇಳಿ ಏನು ಪ್ರಯೋಜನ? ಕೊಟೇಶನ್ ಮಡಚಿ ಜೇಬಿಗಿಟ್ಟು, ಏನೂ ಕೊಳ್ಳದೆ ತಿಪಟೂರಿನ ರೈಲು ಹತ್ತಿದೆವು.

ಕಾಯುವವರ ಪಕ್ಕದಲ್ಲಿ ಒಂದು ದಿನ

ಸ್ಟುಡಿಯೊದಲ್ಲಿ ಕ್ಯಾಮೆರಾ ಹಿಡಿಯುವುದು ತಮ್ಮ. ದಿನಕ್ಕೆ ಹತ್ತು ಗಂಟೆ ಸಿಸ್ಟಂ ಮುಂದೆ ಕೂತು ಫೋಟೊ ಆರಿಸಿ, ತಿದ್ದಿ, ಆಲ್ಬಂ ಕಟ್ಟುವುದು ಅವನ ಹೆಂಡತಿ. ಎಸ್‌.ಪಿ. ರೋಡಿಗೆ ನಾವಿಬ್ಬರು ಗಂಡಸರು ಹೋಗಿ, ಕೆಲಸ ಮಾಡುವವಳನ್ನು ಊರಲ್ಲೇ ಬಿಟ್ಟಿದ್ದೆವು. ಮಾರನೆಯ ದಿನ ಆಕೆಯ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತೆ. ಎಲ್ಲೆಲ್ಲಿ ಕೈ ಮೌಸ್ ಬಿಟ್ಟು ಕೆನ್ನೆಗೆ ಹೋಗುತ್ತದೆ ಎಂದು ನೋಡುವುದಷ್ಟೇ ನನ್ನ ಕೆಲಸ.

ಕೆನ್ನೆಗೆ ಮೊದಲ ಸಲ ಕೈ ಹೋದದ್ದು ಬೆಳಿಗ್ಗೆ ಒಂಬತ್ತೂವರೆಗೇ, ಕ್ಯಾಮೆರಾದ ಕಾರ್ಡಿನಿಂದ ಫೋಟೊ ಇಳಿಸುವಾಗ. ಎರಡು ಕ್ಯಾಮೆರಾ, ವರಪೂಜೆಯಿಂದ ಧಾರೆಯವರೆಗೆ ಸುಮಾರು 4,000 ರಾ ಫೋಟೊ. ಒಂದಕ್ಕೆ 30 ಎಂಬಿ ಹಿಡಿದರೂ 120 ಜಿಬಿ ಆಯಿತು. ಕೊಟೇಶನ್‌ನಲ್ಲಿದ್ದ ಎನ್‌ವಿಎಂಇ ಎಸ್‌ಎಸ್‌ಡಿ ಸೆಕೆಂಡಿಗೆ 7,000 ಎಂಬಿ ನುಂಗುತ್ತದಂತೆ, ಸರಿ. ಆದರೆ ಸಾಮಾನ್ಯವಾಗಿ ಬಳಸುವ ಯುಎಚ್‌ಎಸ್-1 ಎಸ್‌ಡಿ ಕಾರ್ಡು ಸೆಕೆಂಡಿಗೆ 104 ಎಂಬಿಗಿಂತ ಹೆಚ್ಚು ಕೊಡಲಾರದು. ಅದು ಆ ಮಾದರಿಯ ಮಿತಿ. ಎಂಥ ಡಿಸ್ಕ್ ಇಟ್ಟರೂ ಇಪ್ಪತ್ತು ನಿಮಿಷ ಬೇಕೇ ಬೇಕು. ಕಾಲುವೆ ಎಷ್ಟು ಅಗಲವಿದ್ದರೇನು, ತೂಬು ಬಿಟ್ಟಷ್ಟೇ ನೀರು. ಇಲ್ಲಿ ಇಪ್ಪತ್ತು ನಿಮಿಷವೂ ಅಲ್ಲ, ಹತ್ತಿರ ಹತ್ತಿರ ಒಂದು ಗಂಟೆ ಹಿಡಿಯುತ್ತಿತ್ತು. ಬಗ್ಗಿ ನೋಡಿದರೆ ಕಾರ್ಡ್ ರೀಡರು ಯುಎಸ್‌ಬಿ 2.0 ಕಾಲದ್ದು. ಸಾವಿರ ರೂಪಾಯಿ ಆಸುಪಾಸಿನ ಒಂದು ರೀಡರ್ ಬದಲಿಸಿದ್ದರೆ ಇಷ್ಟು ವರ್ಷ ಪ್ರತಿ ಮದುವೆಗೂ ಅರ್ಧ ಗಂಟೆಗೂ ಹೆಚ್ಚು ಉಳಿಯುತ್ತಿತ್ತು. ತಮ್ಮ ಮುಖ ಆ ಕಡೆ ತಿರುಗಿಸಿದ.

ಆಮೇಲೆ ಆರಿಸುವ ಕೆಲಸ. ನಾಲ್ಕು ಸಾವಿರದಲ್ಲಿ ಐನೂರೋ ಆರುನೂರೋ ಉಳಿಯಬೇಕು. ಲೈಟ್‌ರೂಮ್ ತಂತ್ರಾಂಶದಲ್ಲಿ ಒಂದು ಫೋಟೊದಿಂದ ಇನ್ನೊಂದಕ್ಕೆ ಹೋದಾಗ ಒಂದೂವರೆ ಸೆಕೆಂಡು ಮಸುಕು, ಆಮೇಲೆ ಸ್ಪಷ್ಟ. ರಾ ಎಂದರೆ ಸಿದ್ಧ ಚಿತ್ರವಲ್ಲ, ಸೆನ್ಸರಿನ ಮೇಲೆ ಬಿದ್ದ ಬೆಳಕಿನ ಅಂಕಿಗಳು. ನೋಡಬೇಕೆಂದಾಗಲೆಲ್ಲ ಪ್ರೊಸೆಸರು ಅದನ್ನು ಬೇಯಿಸಿ ಚಿತ್ರ ಮಾಡಬೇಕು. ಈ ಸಿಸ್ಟಂನಲ್ಲಿ ಕ್ಯಾಟಲಾಗೂ ಪ್ರಿವ್ಯೂಗಳೂ ಇದ್ದದ್ದು ತಿರುಗುವ ಹಾರ್ಡ್‌ಡಿಸ್ಕಿನಲ್ಲಿ. ಸಾವಿರಾರು ಚೂರುಪಾರು ಕಡತ ಹುಡುಕಿ ಅದರ ಮುಳ್ಳು ಅತ್ತಿಂದಿತ್ತ ಓಡುತ್ತಲೇ ಇರುತ್ತದೆ. ಕಿವಿಗೊಟ್ಟರೆ ಟರ್ ಟರ್ ಸದ್ದು ಕೇಳುತ್ತದೆ. ಇದನ್ನು ಎಸ್‌ಎಸ್‌ಡಿಗೆ ಸಾಗಿಸಿದರೆ ಸಿಗುವ ಲಾಭ ಕಣ್ಣಿಗೆ ಕಾಣುವಂಥದ್ದು. ಆದರೆ ಸಾಧಾರಣ ಎಸ್‌ಎಸ್‌ಡಿಯಿಂದ ಅತಿವೇಗದ ಎಸ್‌ಎಸ್‌ಡಿಗೆ ಏರಿದಾಗ ಫೋಟೊ ಕೆಲಸದಲ್ಲಿ ಅಂಥ ವ್ಯತ್ಯಾಸ ತಿಳಿಯದು. ಡಬ್ಬಿ ಮೇಲಿನ ಅಂಕಿ ಇಮ್ಮಡಿಯಾದರೆ ಬೆಲೆ ಏರುತ್ತದೆ, ಕೆಲಸವೇನೂ ಇಮ್ಮಡಿಯಾಗುವುದಿಲ್ಲ.

ಮೂರನೆಯ ಕಾಯುವಿಕೆ ಈಚಿನದು. ಕಲ್ಯಾಣ ಮಂಟಪದ ಒಳಗೆ ವಿಡಿಯೊದವರ ಲೈಟು ಆರಿದ ಮೇಲೆ ಹೊಡೆದ ಫೋಟೊ, ಮನೆ ಅಂಗಳದಲ್ಲಿ ರಾತ್ರಿ ಚಪ್ಪರದ ಶಾಸ್ತ್ರದ ಫೋಟೊ, ಇವುಗಳಲ್ಲೆಲ್ಲ ರವೆ ಚೆಲ್ಲಿದಂತೆ ಕಾಳುಕಾಳು. 2023ರ ಏಪ್ರಿಲ್‌ನಲ್ಲಿ ಅಡೋಬಿ ಕಂಪನಿ ಲೈಟ್‌ರೂಮ್‌ಗೆ ಈ ಕಾಳು ತೆಗೆಯುವ ಕೃತಕ ಬುದ್ಧಿಮತ್ತೆಯ ಡಿನಾಯ್ಸ್ ಸೇರಿಸಿತು. ಕೆಲಸ ಅದ್ಭುತವಾಗಿಯೇ ಮಾಡುತ್ತದೆ, ಆದರೆ ಅದರ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲೆ. ಕಾರ್ಡೇ ಇಲ್ಲದ ಹಳೆಯ ಸಿಸ್ಟಂನಲ್ಲಿ ಒಂದು ಫೋಟೊಗೆ ಐದು ನಿಮಿಷ ಹಿಡಿದರೆ 300 ಫೋಟೊಗೆ 25 ಗಂಟೆ. ಮಧ್ಯಮ ದರ್ಜೆಯ ಹೊಸ ಕಾರ್ಡಿನಲ್ಲಿ ಇಪ್ಪತ್ತು ಸೆಕೆಂಡು ಎಂದರೆ ನೂರು ನಿಮಿಷ. ಹಾಗಾಗಿ ಅಂಗಡಿ ಹುಡುಗ ಪೂರ್ತಿ ತಪ್ಪಲ್ಲ. ಐದು ವರ್ಷದ ಹಿಂದೆ ನಾನು ಇದೇ ಲೇಖನ ಬರೆದಿದ್ದರೆ ಫೋಟೊದವರಿಗೆ ಗ್ರಾಫಿಕ್ಸ್ ಕಾರ್ಡೇ ಬೇಡ ಎಂದು ಸಲೀಸಾಗಿ ಬರೆದುಬಿಡುತ್ತಿದ್ದೆ. ಈಗ ಬೇಕು. ಆದರೆ ಬೇಕಾದ್ದು 8 ಜಿಬಿ ಮೆಮರಿಯ ಮಧ್ಯಮ ಕಾರ್ಡು, ಆಟದ ರಾಕ್ಷಸನಲ್ಲ.

ಕೊನೆಯದು ಆಲ್ಬಂ. ನಮ್ಮ ಕಡೆ ಮದುವೆ ಎಂದರೆ ಕರಿಜ್ಮಾ ಆಲ್ಬಂ, 12×36 ಇಂಚಿನ ಹಾಳೆ. 300 ಡಿಪಿಐಗೆ ಅದು ಅಡ್ಡಕ್ಕೆ 10,800, ಉದ್ದಕ್ಕೆ 3,600 ಪಿಕ್ಸೆಲ್, ಒಟ್ಟು ಮೂರು ಕೋಟಿ ಎಂಬತ್ತೆಂಟು ಲಕ್ಷ ಚುಕ್ಕೆ. ಒಂದು ಚುಕ್ಕೆಗೆ ಮೂರು ಬೈಟ್ ಎಂದರೆ ಒಂದೇ ಒಂದು ತುಂಬು ಲೇಯರಿಗೆ 116 ಎಂಬಿ. ಹಿನ್ನೆಲೆಗೆ ಅರಮನೆಯ ಕಂಬ, ಅದರ ಮೇಲೆ ಮೋಡ, ಮೋಡದ ಮೇಲೆ ಹೂವಿನ ಎಸಳು, ನಡುವೆ ಗಂಡು ಹೆಣ್ಣು, ಮೂಲೆಯಲ್ಲಿ ಅವರದೇ ಮಸುಕು ಚಿತ್ರ ಇನ್ನೊಮ್ಮೆ. ಹತ್ತು ತುಂಬು ಲೇಯರಾದರೆ ಒಂದು ಜಿಬಿ ದಾಟಿತು. ನಡುನಡುವೆ ‘ಅದು ಬೇಡ, ಹಿಂದಕ್ಕೆ ಹೋಗು’ ಎಂದರೆ ಹೋಗಲು ಹಿಂದಿನ ಹೆಜ್ಜೆಗಳನ್ನೂ ನೆನಪಿಟ್ಟುಕೊಳ್ಳಬೇಕು. 1990ರಲ್ಲಿ ನೋಲ್ ಸಹೋದರರ ಫೋಟೋಶಾಪ್ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಲೇಯರುಗಳೇ ಇರಲಿಲ್ಲ. 1994ರ ಮೂರನೆಯ ಆವೃತ್ತಿಯಲ್ಲಿ ಬಂದವು. ಅಂದಿನಿಂದ ಅದರ ಮೆಮರಿ ಹಸಿವು ಇಳಿದದ್ದಿಲ್ಲ. ರ‍್ಯಾಮ್ ಸಾಲದಾದಾಗ ಫೋಟೋಶಾಪ್ ಡಿಸ್ಕಿನ ಮೇಲೆಯೇ ಬರೆದು ಒರೆಸಿ ಮಾಡತೊಡಗುತ್ತದೆ. ಮರಳುಗಡಿಯಾರ ತಿರುಗುವುದು ಆಗಲೇ. ಈಕೆಯ ಸಿಸ್ಟಂನಲ್ಲಿ ಇದ್ದದ್ದು 8 ಜಿಬಿ. ಬೇಕಾದದ್ದು 32.

ಸಂಜೆಯ ಹೊತ್ತಿಗೆ ಚೀಟಿ ತಾನಾಗಿ ಸಿದ್ಧವಾಗಿತ್ತು. ಅದರಲ್ಲಿ ಪ್ರೊಸೆಸರಿನ ಮಾತು ಕಡಿಮೆ. ಅದಕ್ಕೂ ಕಾರಣವಿದೆ. ಮದುವೆ ಮನೆಯ ಅಡುಗೆಯನ್ನೇ ನೋಡಿ. ತರಕಾರಿ ಹೆಚ್ಚಲು ಹದಿನಾರು ಜನ ಕೂತರೆ ಗಂಟೆಯ ಕೆಲಸ ಗಳಿಗೆಯಲ್ಲಿ ಮುಗಿಯುತ್ತದೆ. ಮೈಸೂರು ಪಾಕು ತಿರುವಲು ಮಾತ್ರ ಒಬ್ಬನೇ ಬೇಕು, ಅವನ ಕೈ ಚುರುಕಿರಬೇಕು. ಆರುನೂರು ಫೋಟೊ ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡುವುದು ತರಕಾರಿ ಹೆಚ್ಚಿದ ಹಾಗೆ. ಕೋರ್‌ಗಳು ಹೆಚ್ಚಿದ್ದಷ್ಟೂ ಒಳ್ಳೆಯದು. ಫೋಟೋಶಾಪ್‌ನಲ್ಲಿ ಕೂತು ಬ್ರಷ್ ಆಡಿಸುವುದು ಮೈಸೂರು ಪಾಕು. ಅಲ್ಲಿ ಹದಿನಾರು ಕೋರಿನಲ್ಲಿ ಬಹುಪಾಲು ಸುಮ್ಮನೆ ನಿಂತು ನೋಡುತ್ತಿರುತ್ತವೆ. ಈ ಕೆಲಸಕ್ಕೆ ಮಧ್ಯಮ ದರ್ಜೆಯ ಹೊಸ ತಲೆಮಾರಿನ ಪ್ರೊಸೆಸರು ಸಾಕು, ಮೇಲ್ದರ್ಜೆಯ ಹಳತು ಬೇಡ.

ಪ್ರಿಂಟ್ ಯಾಕೆ ಕಪ್ಪಗೆ ಬಂತು?

ಕಾಯುವಿಕೆಯ ಲೆಕ್ಕದಲ್ಲಿ ಎಲ್ಲೂ ಸಿಗದ ಒಂದು ನಷ್ಟವಿದೆ. ಆಲ್ಬಂ ಲ್ಯಾಬಿನಿಂದ ಬಂದ ದಿನ ಹುಡುಗಿಯ ಅಪ್ಪ ಪುಟ ತಿರುವಿ, “ಮೊಬೈಲಲ್ಲಿ ಚೆನ್ನಾಗಿತ್ತು, ಇದ್ಯಾಕ್ರೀ ಹಿಂಗೆ ಕಪ್ಪಗೆ ಬಂದೈತೆ?” ಎನ್ನುತ್ತಾರೆ. ಸ್ಟುಡಿಯೊದವರು ಲ್ಯಾಬಿನವರನ್ನು ಬೈಯುತ್ತಾರೆ, ಲ್ಯಾಬಿನವರು ಫೈಲನ್ನು ಬೈಯುತ್ತಾರೆ. ಹೆಚ್ಚಿನ ಸಲ ತಪ್ಪಿರುವುದು ನಡುವಿನ ಪರದೆಯಲ್ಲಿ.

ಅಂಗಡಿಯಿಂದ ತಂದ ಮಾನಿಟರು ಹೆಚ್ಚೂಕಡಿಮೆ ಪೂರ್ತಿ ಬೆಳಕಿನಲ್ಲೇ ಉರಿಯುತ್ತಿರುತ್ತದೆ, 250ರಿಂದ 300 ನಿಟ್ಸ್. ಶೋರೂಮಿನ ಟ್ಯೂಬ್‌ಲೈಟಿನ ಕೆಳಗೆ ಪಕ್ಕದ ಮಾನಿಟರನ್ನು ಮಂಕು ಮಾಡಲು ಆ ಬೆಳಕು. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಕೋಣೆಯ ಬೆಳಕಿನಲ್ಲೇ ಅದು ಕಾಣಬೇಕು. ಪ್ರಿಂಟಿಗೆ ಹೋಗುವ ಕೆಲಸವನ್ನು 100ರಿಂದ 120 ನಿಟ್ಸ್‌ನಲ್ಲಿ ಮಾಡಬೇಕು ಎನ್ನುವುದು ಅದಕ್ಕೇ. ಉರಿಯುವ ಪರದೆಯಲ್ಲಿ ‘ಇಷ್ಟು ಬೆಳಕು ಸಾಕು’ ಎಂದು ತಿದ್ದಿದ ಮುಖ ಕಾಗದದ ಮೇಲೆ ಎರಡು ಪಟ್ಟು ಮಬ್ಬಾಗಿ ಇಳಿಯುತ್ತದೆ. ತಮ್ಮನ ಸ್ಟುಡಿಯೊದಲ್ಲಿ ಬ್ರೈಟ್‌ನೆಸ್ ಮುಟ್ಟಿದವರೇ ಇರಲಿಲ್ಲ. ಒಂದು ಪೈಸೆ ಖರ್ಚಿಲ್ಲದೆ ಅಂದೇ ಇಳಿಸಿದೆವು. ಮೊದಲ ಅರ್ಧ ಗಂಟೆ ಆಕೆಗೆ ಕರೆಂಟ್ ಡಿಮ್ಮಾದ ಹಾಗೆ ಅನ್ನಿಸಿತಂತೆ.

ಬೆಳಕು ಸುಲಭ, ಬಣ್ಣ ಕಷ್ಟ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆಯನ್ನು ರೂಪಿಸಿದವು. ಇಂದಿಗೂ ಮೊಬೈಲು, ಅಂತರ್ಜಾಲ, ಹೆಚ್ಚಿನ ಪ್ರಿಂಟ್ ಲ್ಯಾಬುಗಳು ಒಪ್ಪುವ ನಾಣ್ಯ ಅದೇ. ಅಡೋಬಿಯ ಇನ್ನೂ ವಿಶಾಲವಾದ ಅಳತೆ 1998ರದ್ದು. ಹಸಿರು ಹೆಚ್ಚಾಗಿರುವ ಕಾಡಿನ ಚಿತ್ರ ತೆಗೆದು ತಾವೇ ಒಳ್ಳೆಯ ಪ್ರಿಂಟರಿನಲ್ಲಿ ಮುದ್ರಿಸುವವರಿಗೆ ಅದು ಬೇಕಾದೀತು. ಮದುವೆಯವರಿಗೆ ಎಸ್‌ಆರ್‌ಜಿಬಿ ಪೂರ್ತಿ 100 ಪಾಲು ತೋರಿಸುವ ಐಪಿಎಸ್ ಪರದೆ ಸಾಕು. ಆದರೆ ಅಗ್ಗದ ಲ್ಯಾಪ್‌ಟಾಪುಗಳ ಪಟ್ಟಿಯಲ್ಲಿ ಸಣ್ಣಕ್ಷರದಲ್ಲಿ ‘45% ಎನ್‌ಟಿಎಸ್‌ಸಿ’ ಎಂದು ಬರೆದಿರುತ್ತದೆ, ನೋಡಿದ್ದೀರಾ? ಅದು ಎಸ್‌ಆರ್‌ಜಿಬಿಯ ಮೂರರಲ್ಲಿ ಎರಡು ಪಾಲನ್ನೂ ಸರಿಯಾಗಿ ಮುಟ್ಟದ ಪರದೆ.

ಅಂಥ ಪರದೆಯ ಮುಂದೆ ನಮ್ಮ ಮದುವೆಯೊಂದನ್ನು ಇಡಿ. ಕೆನ್ನೆಗೆ ಅರಿಶಿನ, ಕುಂಕುಮದ ಕೆಂಪಿನ ಧಾರೆ ಸೀರೆ, ಅದರ ಅಂಚಿಗೆ ಜರಿ, ಹಿಂದೆ ಚೆಂಡುಹೂವಿನ ಮಾಲೆ. ಇವೆಲ್ಲ ಇರುವುದೇ ಬಣ್ಣದ ತುದಿಗಳಲ್ಲಿ. ಪರದೆಗೆ ಆ ಕೆಂಪು ತೋರಿಸಲು ಶಕ್ತಿಯಿಲ್ಲ, ಸೀರೆ ಸಪ್ಪೆಯಾಗಿ ಕಾಣುತ್ತದೆ. ಕೂತವರು ಸ್ಯಾಚುರೇಶನ್ ಏರಿಸುತ್ತಾರೆ. ಫೈಲಿನೊಳಗಿನ ಕೆಂಪು ಈಗ ಮಿತಿ ಮೀರಿತು. ಲ್ಯಾಬಿನ ಯಂತ್ರ ಅದನ್ನು ಪ್ರಾಮಾಣಿಕವಾಗಿ ಮುದ್ರಿಸಿದಾಗ ಸೀರೆಯ ನೆರಿಗೆ, ಬುಟ್ಟ, ಜರಿ ಎಲ್ಲ ಕರಗಿ ಒಂದೇ ಕೆಂಪು ತೇಪೆ. ಸಾವಿರಾರು ರೂಪಾಯಿಯ ರೇಷ್ಮೆ ಸೀರೆ ಪ್ಲಾಸ್ಟಿಕ್ ಹಾಳೆಯಂತೆ ಕಂಡರೆ ಹುಡುಗಿ ಮನೆಯವರು ಬೈಯದೆ ಇನ್ನೇನು ಮಾಡುತ್ತಾರೆ?

ಐಪಿಎಸ್ ಪರದೆ ತಂದರೂ ಒಂದು ಕೆಲಸ ಉಳಿಯಿತು, ಅದನ್ನು ಅಳೆಯುವುದು. ಪರದೆಯ ಮೇಲೆ ಇಲಿಯಂಥ ಒಂದು ಸಾಧನ ತೂಗುಬಿಟ್ಟರೆ ಅದು ಒಂದೊಂದೇ ಬಣ್ಣ ನೋಡಿ, ಎಲ್ಲಿ ಎಷ್ಟು ಓರೆಯಿದೆ ಎಂದು ಲೆಕ್ಕ ಹಾಕಿ ಪ್ರೊಫೈಲ್ ಬರೆದುಕೊಡುತ್ತದೆ. ಡೇಟಾಕಲರ್‌ನ ಸ್ಪೈಡರ್, ಕ್ಯಾಲಿಬ್ರೈಟ್ ಎಂಬವು ಸಿಗುತ್ತವೆ. ತಿಂಗಳಿಗೊಮ್ಮೆ ಹತ್ತು ನಿಮಿಷದ ಕೆಲಸ. ಊರಿನ ಮೂರು ಸ್ಟುಡಿಯೊದವರು ಸೇರಿ ಒಂದು ಕೊಂಡರೂ ಸಾಕು, ಆದರೆ ಒಂದೇ ಊರಿನ ಮೂರು ಸ್ಟುಡಿಯೊದವರು ಸೇರಬೇಕಲ್ಲ!

ಇಲ್ಲಿ ಇನ್ನೊಂದು ಮಾತು. ಮುಖ ಕಪ್ಪಾಯಿತು ಎನ್ನುವ ದೂರುಗಳೆಲ್ಲ ಪರದೆಯ ದೂರುಗಳಲ್ಲ. ಹುಡುಗಿ ಇದ್ದದ್ದಕ್ಕಿಂತ ಎರಡು ಛಾಯೆ ಬಿಳುಪಾಗಿರಬೇಕು ಎನ್ನುವ ಬೇಡಿಕೆ ಪ್ರತಿ ಆಲ್ಬಂ ಜೊತೆ ಬರುತ್ತದೆ. ಅದಕ್ಕೆ ಯಾವ ಮಾನಿಟರಿನಲ್ಲೂ ಔಷಧವಿಲ್ಲ.

ಡಬ್ಬಿ ಯಾರು ಬಿಚ್ಚುತ್ತಾರೆ?

ಈಗ ಅಸೆಂಬಲ್ಡ್, ಬ್ರಾಂಡೆಡ್ ಜಗಳಕ್ಕೆ ಬರೋಣ.

ಬ್ರಾಂಡೆಡ್ ಪರವಾದ ವಾದ ಸಣ್ಣದೇನಲ್ಲ. ಒಂದು ಬಿಲ್ಲು, ಒಂದು ವಾರಂಟಿ, ಒಂದು ಫೋನ್ ನಂಬರು. ಅಸಲಿ ವಿಂಡೋಸ್ ಅದರ ಬೆಲೆಯಲ್ಲೇ ಸೇರಿರುತ್ತದೆ. ಅಸೆಂಬಲ್ಡ್ ಕೊಟೇಶನ್ ಹಿಡಿದು ‘ಅದೇ ಸಿಸ್ಟಂ ಇಷ್ಟು ಕಡಿಮೆಗೆ’ ಎನ್ನುವವರು ವಿಂಡೋಸಿನ ಬೆಲೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. “ವಿಂಡೋಸು, ಫೋಟೋಶಾಪು ಎಲ್ಲಾ ಹಾಕ್ಕೊಡ್ತೀನಿ” ಎನ್ನುವ ಧಾರಾಳಕ್ಕೆ ಮರುಳಾಗಬೇಡಿ. ಕದ್ದ ತಂತ್ರಾಂಶದ ಜೊತೆ ಬಂದ ವೈರಸ್ಸು ಒಂದು ಸೀಸನ್ನಿನ ಮದುವೆಗಳನ್ನೆಲ್ಲ ಬೀಗ ಹಾಕಿ ಕೂರಬಲ್ಲದು. ಗಿರಾಕಿಗೆ ಏನು ಉತ್ತರ ಕೊಡುತ್ತೀರಿ?

ಆದರೆ ಶೋರೂಮಿನ ಡೆಸ್ಕ್‌ಟಾಪಿನ ಬಾಗಿಲು ತೆರೆದು ನೋಡಿ. ಹೊರಗೆ ಚೀಟಿಯಲ್ಲಿ ಪ್ರೊಸೆಸರಿನ ಹೆಸರು ದೊಡ್ಡದಾಗಿರುತ್ತದೆ, ಒಳಗೆ ಒಂದೇ ರ‍್ಯಾಮ್ ಕಡ್ಡಿ. ಎರಡು ಕಡ್ಡಿ ಜೋಡಿಯಾಗಿದ್ದರೆ ಎರಡು ದಾರಿಯಲ್ಲಿ ಮಾಹಿತಿ ಹರಿಯುತ್ತದೆ. ಒಂದೇ ಆದರೆ ಅರ್ಧ ದಾರಿ ಬಂದ್. ಅನೇಕ ಮಾದರಿಗಳಲ್ಲಿ ಕರೆಂಟು ಪೂರೈಸುವ ಎಸ್‌ಎಂಪಿಎಸ್ಸು, ಮದರ್‌ಬೋರ್ಡು ಎರಡೂ ಆ ಕಂಪನಿಯದೇ ವಿಶಿಷ್ಟ ಅಳತೆಯವು. ನಾಳೆ ಗ್ರಾಫಿಕ್ಸ್ ಕಾರ್ಡ್ ಹಾಕೋಣ ಎಂದರೆ ಎಸ್‌ಎಂಪಿಎಸ್‌ಗೆ ತಾಕತ್ತಿಲ್ಲ. ಎಸ್‌ಎಂಪಿಎಸ್ ಬದಲಿಸೋಣ ಎಂದರೆ ಪಿನ್ನು ಹೊಂದುವುದಿಲ್ಲ. ಒಂದರ ಸಲುವಾಗಿ ಎಲ್ಲ ಹೋಗುತ್ತದೆ.

ಅಸೆಂಬಲ್ಡ್ ಕಡೆಯ ಪಾಪಗಳೂ ಬೇಕಾದಷ್ಟಿವೆ. ನಾನು ಮೊದಲು ಕಟ್ಟಿಸಿದ ಸಿಸ್ಟಂಗೆ ಅಂಗಡಿಯವರು ಕ್ಯಾಬಿನೆಟ್ ಜೊತೆಗೇ ಬರುವ ಎಸ್‌ಎಂಪಿಎಸ್ ಹಾಕಿದ್ದರು. ಮೇಲೆ 450 ವ್ಯಾಟ್ ಎಂದು ಅಚ್ಚಿತ್ತು. ಎಷ್ಟು ಹಗುರವಿತ್ತೆಂದರೆ ಒಂದು ಕೈಯಲ್ಲಿ ಎಸೆದು ಹಿಡಿಯಬಹುದಿತ್ತು. ಆಗ ಅದು ಗುಣವೆಂದೇ ತಿಳಿದಿದ್ದೆ. ಮಳೆಗಾಲದ ಒಂದು ಸಂಜೆ ಕರೆಂಟು ಹೋಗಿ ಬಂದದ್ದೇ ತಡ, ಸುಟ್ಟ ಬೆಂಡೆಕಾಯಿಯ ವಾಸನೆ. ಅದೊಂದೇ ಹೋಗಿದ್ದರೆ ಸರಿ, ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅಂದಿನಿಂದ ಕೊಟೇಶನ್‌ನಲ್ಲಿ ನಾನು ಮೊದಲು ಹುಡುಕುವ ಸಾಲು ಎಸ್‌ಎಂಪಿಎಸ್. 80 ಪ್ಲಸ್ ಗುರುತು, ಹೆಸರು ಗೊತ್ತಿರುವ ಕಂಪನಿ, ಐದು ವರ್ಷಕ್ಕೆ ಕಡಿಮೆಯಿಲ್ಲದ ವಾರಂಟಿ. ಇಷ್ಟಿಲ್ಲದಿದ್ದರೆ ಉಳಿದದ್ದನ್ನು ಓದುವುದೇ ಇಲ್ಲ.

ಎರಡನೆಯ ಪಾಪ ಟ್ರೇ ಪ್ರೊಸೆಸರು. ಡಬ್ಬಿಯಿಲ್ಲದೆ ಸಗಟಿನಲ್ಲಿ ಬಂದದ್ದನ್ನು ಒಂದೆರಡು ಸಾವಿರ ಕಡಿಮೆಗೆ ಹಾಕಿಕೊಡುತ್ತಾರೆ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ವೋಲ್ಟೇಜಿನ ದೋಷದಿಂದ ಕೆಡುತ್ತಿರುವುದು ಬಯಲಾಯಿತು. ಕಂಪನಿ ವಾರಂಟಿಯನ್ನು ಎರಡು ವರ್ಷ ಹಿಗ್ಗಿಸಿತು. ಡಬ್ಬಿಯಲ್ಲಿ ಕೊಂಡವರು ನೇರ ಇಂಟೆಲ್ ಬಾಗಿಲು ತಟ್ಟಿದರು, ಟ್ರೇ ಕೊಂಡವರು ಮಾರಿದವನ ಬಾಗಿಲಿಗೆ ಹೋಗಬೇಕಾಯಿತು. ಮಾರಿದವನು ಅಷ್ಟರಲ್ಲಿ ಮೊಬೈಲ್ ಕವರಿನ ವ್ಯಾಪಾರಕ್ಕೆ ಇಳಿದಿದ್ದರೆ? ಇಂಟೆಲ್ ಪ್ರೊಸೆಸರಿನ ಅಂಕಿಯ ಕೊನೆಗೆ ‘ಎಫ್’ ಇದ್ದರೆ ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ ಎನ್ನುವುದೂ ನೆನಪಿರಲಿ. ಕಾರ್ಡು ಕೆಟ್ಟ ದಿನ ಪರದೆಯೇ ಕತ್ತಲು. ಉಳಿತಾಯವಾಗುವ ಒಂದೂವರೆ ಎರಡು ಸಾವಿರಕ್ಕೆ ಮದುವೆ ಸೀಸನ್ನಿನಲ್ಲಿ ಅಂಗಡಿ ಮುಚ್ಚುವ ಧೈರ್ಯ ನನಗಿಲ್ಲ.

ಇನ್ನು ಹಳೇ ಆಫೀಸುಗಳಿಂದ ಬಂದ ರಿಫರ್ಬಿಶ್ಡ್ ಮಾಲು. ಅಗ್ಗ, ಗಟ್ಟಿ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಆಸರೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನಲ್ಲಿ 8ನೇ ತಲೆಮಾರಿಗಿಂತ ಹಿಂದಿನದನ್ನು ಬಹುತೇಕ ಒಪ್ಪುವುದಿಲ್ಲ. ಈಗ ರಾಶಿ ಬಿದ್ದಿರುವ ಅಗ್ಗದ ಸಿಸ್ಟಂಗಳಲ್ಲಿ ಬಹಳಷ್ಟು ಆ ಗೆರೆಯ ಆಚೆಗಿನವು.

ಈ ಎರಡೂ ಬಣಗಳನ್ನು ಪೇಚಿಗೆ ಸಿಕ್ಕಿಸುವುದು ಆಪಲ್‌ನ ಪುಟ್ಟ ಡಬ್ಬಿ. 2024ರ ನವೆಂಬರ್‌ನಲ್ಲಿ ಬಂದ ಎಂ4 ಮ್ಯಾಕ್ ಮಿನಿ ಭಾರತದಲ್ಲಿ 59,900 ರೂಪಾಯಿಗೆ 16 ಜಿಬಿ ಮೆಮರಿಯೊಂದಿಗೆ ಸಿಕ್ಕಿತು. ಆ ದುಡ್ಡಿಗೆ ಅಷ್ಟು ಚುರುಕಾಗಿ, ಅಷ್ಟು ತಣ್ಣಗೆ, ಅಷ್ಟು ಕಡಿಮೆ ಕರೆಂಟಿನಲ್ಲಿ ಫೋಟೊ ಕೆಲಸ ಮಾಡುವ ಸಿಸ್ಟಂ ಎಸ್‌.ಪಿ. ರೋಡಿನಲ್ಲಿ ಕಟ್ಟಿಸಲಾರೆ, ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ಡಿಸ್ಕು 256 ಜಿಬಿ ಮಾತ್ರ, ಎರಡು ಮದುವೆಗೆ ತುಂಬಿತು. ಅದನ್ನು 512 ಮಾಡಲು ಕೊಳ್ಳುವಾಗಲೇ ಇನ್ನೂ 20,000 ತೆರಬೇಕಿತ್ತು. ಮೆಮರಿಯನ್ನಂತೂ ಕೊಂಡ ಮೇಲೆ ಹೆಚ್ಚಿಸುವ ಮಾತೇ ಇಲ್ಲ. ಬೆಂಗಳೂರಿನಲ್ಲಿ ಒಬ್ಬರೇ ಕೂತು ಕೆಲಸ ಮಾಡುವವರಿಗೆ ಇದನ್ನೇ ಹೇಳುತ್ತಿದ್ದೆ. ತಿಪಟೂರಿನಲ್ಲಿ ಒಂದು ಸಣ್ಣ ತೊಡಕು ಎದುರಾಯಿತು: ಹದಿನೈದು ವರ್ಷದ ಆಲ್ಬಂ ಟೆಂಪ್ಲೇಟುಗಳಲ್ಲಿ ‘ಚಿ||ರಾ||’ ‘ಚಿ||ಸೌ||’ ಎಲ್ಲ ಟೈಪ್ ಆಗಿರುವುದು ನುಡಿ ತಂತ್ರಾಂಶದಲ್ಲಿ. ನುಡಿ ವಿಂಡೋಸಿನದು. ಅಷ್ಟನ್ನೂ ಮತ್ತೆ ಕಟ್ಟಲು ಆಕೆ ತಯಾರಿರಲಿಲ್ಲ.

ಹಾಗಾಗಿ ನನ್ನ ಪಂಚಾಯ್ತಿಯ ತೀರ್ಪು ಊರು ನೋಡಿ ಬದಲಾಗುತ್ತದೆ. ಬಿಡಿಭಾಗಗಳ ವಾರಂಟಿ ಉದ್ದವಿರುತ್ತದೆ, ಪ್ರೊಸೆಸರಿಗೆ ಮೂರು ವರ್ಷ, ಎಸ್‌ಎಂಪಿಎಸ್‌ಗೆ ಐದಕ್ಕೂ ಹೆಚ್ಚು. ಆದರೆ ಅವುಗಳ ಸರ್ವೀಸ್ ಸೆಂಟರುಗಳು ಹೆಚ್ಚಾಗಿ ಬೆಂಗಳೂರಿನಲ್ಲಿವೆ. ತಿಪಟೂರಿನಿಂದ ಅದು 140 ಕಿಲೋಮೀಟರು. ಬೈಕಿನಲ್ಲಿ ಬಂದು ಕ್ಯಾಬಿನೆಟ್ ಬಿಚ್ಚಿ ‘ಇದು ಹೋಗೈತೆ, ಇದನ್ನ ಕೊರಿಯರ್ ಮಾಡಿ’ ಎನ್ನುವ ಒಬ್ಬ ನಂಬಿಗಸ್ತ ಹುಡುಗ ಊರಿನಲ್ಲಿದ್ದರೆ ಅಸೆಂಬಲ್ ಮಾಡಿಸಿ. ಇಲ್ಲವಾದರೆ ಹಠ ಬೇಡ. ಮನೆಗೇ ಬಂದು ರಿಪೇರಿ ಮಾಡುವ ಮೂರು ವರ್ಷದ ವಾರಂಟಿಯ ಆಫೀಸ್ ಮಾದರಿ ಕೊಂಡು, ಅದರೊಳಗೆ ಸ್ವಂತ ರ‍್ಯಾಮ್ ಸೇರಿಸಿ, ಉಳಿದ ಹಣ ಪರದೆಗೆ ಹಾಕಿ. ಡಿನಾಯ್ಸ್ ಹೆಚ್ಚು ಬಳಸುವವರಾದರೆ ಮಾತ್ರ ಆ ಮಾದರಿಯಲ್ಲಿ ಕಾರ್ಡಿಗೆ ಜಾಗವೂ ಪವರೂ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ತಿಪಟೂರಿನಲ್ಲಿ ಅಂಥ ಹುಡುಗನಿದ್ದ. ಹಳೆಯ ಕೊಟೇಶನ್ನಿನಿಂದ ಗಾಜಿನ ಬಾಗಿಲು, ಕಾಮನಬಿಲ್ಲು, ನೀರಿನ ಕೂಲರು ಹೋದವು. ಗ್ರಾಫಿಕ್ಸ್ ಕಾರ್ಡು ಎರಡು ಮೆಟ್ಟಿಲು ಇಳಿಯಿತು. 27 ಇಂಚಿನ ಐಪಿಎಸ್ ಪರದೆ ಬಂತು. ರ‍್ಯಾಮ್ ಬೆಲೆ ಕೇಳಿದಾಗ ಮಾತ್ರ ಇಬ್ಬರೂ ಬೆಚ್ಚಿದೆವು. ಮೆಮರಿ ತಯಾರಕರೆಲ್ಲ ಎಐ ಸರ್ವರುಗಳ ಬೆನ್ನು ಹತ್ತಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ಗಗನಕ್ಕೇರಿತ್ತು. ಮೈಕ್ರಾನ್ ಕಂಪನಿ ಡಿಸೆಂಬರ್‌ನಲ್ಲಿ ತನ್ನ ಕ್ರೂಷಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಆದರೂ 16ರ ಎರಡು ಕಡ್ಡಿ ಹಾಕಿಸಿದೆವು. ಎರಡು ದೊಡ್ಡ ಹಾರ್ಡ್‌ಡಿಸ್ಕು ಬೇರೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಎಂಬ ನಿಯಮವನ್ನು ಜನಪ್ರಿಯ ಮಾಡಿದವರು ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ, ಕಂಪ್ಯೂಟರ್ ಎಂಜಿನಿಯರ್ ಅಲ್ಲ. ನಮ್ಮ ‘ಬೇರೆ ಜಾಗ’ ಎಂದರೆ ಚಿಕ್ಕಪ್ಪನ ಮನೆಯ ಗೋಡ್ರೇಜ್ ಬೀರು. ಕರೆಂಟಿನ ವಿಷಯಕ್ಕೆ ಬಂದರೆ, ಮನೆಯ ಇನ್ವರ್ಟರಿನ ಹಿಂದೆ ಧೂಳು ಹಿಡಿದ ಒಂದು ಸ್ವಿಚ್ಚಿತ್ತು. ಅದನ್ನು ‘ಯುಪಿಎಸ್’ ಕಡೆಗೆ ತಿರುಗಿಸಿದ್ದಷ್ಟೇ. ಅಲ್ಲಿಯವರೆಗೆ ಕರೆಂಟು ಹೋದಾಗಲೆಲ್ಲ ಸಿಸ್ಟಂ ಆಫ್ ಆಗುತ್ತಿದ್ದದ್ದು ನಿಂತಿತು.

ಐದಾರು ತಿಂಗಳ ಮೇಲೆ, ಮುಂಗಾರಿನ ಒಂದು ಬೆಳಿಗ್ಗೆ ಆಕೆಯ ವಿಡಿಯೊ ಕಾಲ್. ಸಿಸ್ಟಂ ಆನ್ ಆಗುತ್ತದೆ, ಪರದೆ ಬರುವುದಿಲ್ಲ. ರಿಪೇರಿ ಹುಡುಗ ಧರ್ಮಸ್ಥಳಕ್ಕೆ ಹೋಗಿದ್ದಾನೆ. ತಮ್ಮ ಅರಸೀಕೆರೆಯಲ್ಲಿ ಮದುವೆಯೊಂದರಲ್ಲಿದ್ದಾನೆ. ಪ್ಲಗ್ ತೆಗೆಸಿ, ಪಕ್ಕದ ತಗಡಿನ ಎರಡು ತಿರುಪು ಬಿಚ್ಚಿಸಿ, ಎರಡು ತುದಿಯ ಕ್ಲಿಪ್ ಒತ್ತಿ ರ‍್ಯಾಮ್ ತೆಗೆಯುವುದು ಹೇಗೆಂದು ಹೇಳಿದೆ. “ಆ ಬಂಗಾರದ ಬಣ್ಣದ ಹಲ್ಲುಗಳಿವೆಯಲ್ಲ, ಅದನ್ನ ರಬ್ಬರಲ್ಲಿ ಉಜ್ಜಮ್ಮ, ಮೆಲ್ಲಗೆ.”

“ಯಾವ ರಬ್ಬರು ಭಾವ?”

“ಪೆನ್ಸಿಲ್ ಅಳಿಸೋದು.”

ಆಕೆ ಫೋನನ್ನು ಮೇಜಿನ ಮೇಲಿಟ್ಟು, ಸ್ಕೂಲಿಗೆ ಹೊರಟಿದ್ದ ಮಗಳನ್ನು ಬಾಗಿಲಿನಿಂದ ವಾಪಸ್ ಕರೆದು ಬ್ಯಾಗು ತಡಕಾಡಿದಳು. ಮೂಲೆ ಕಚ್ಚಿದ, ಹಣ್ಣಿನ ವಾಸನೆಯ ಒಂದು ಗುಲಾಬಿ ರಬ್ಬರು ಸಿಕ್ಕಿತು. ಸ್ವಲ್ಪ ಹೊತ್ತು ಚಾವಣಿ ಮಾತ್ರ ಕಾಣುತ್ತಿತ್ತು. ಆಮೇಲೆ ಟಕ್, ಟಕ್ ಎಂದು ಎರಡು ಸಲ ಕೇಳಿಸಿತು, ಹಿಂದೆಯೇ ಮಗಳ ದನಿ: “ಅಮ್ಮ, ನನ್ ರಬ್ಬರ್ ಕೊಡು, ಟೈಮಾಯ್ತು.”